ಮಾಳಿಗೆಯೂ ಮನೆಯೊಡೆಯನೂ

ಮೃಗಶಿರಾ ಮಳೆಗೆ ಮುಂಚೆ ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಹಳೆಯ ಮಣ್ಣಿನ ಮಾಳಿಗೆಗಳನ್ನು ದುರಸ್ತಿ ಮಾಡಿಸಬೇಕಾಗುತ್ತದೆ. ಮಣ್ಣಿನ ಬುಟ್ಟಿ ಹೊತ್ತು ಏಣಿಯೇರುವವನು ದಿನಗೂಲಿಯವನು. ಕೆಳಗೆ ನಿಂತು ಚೌಕಾಸಿ ಮಾಡತಕ್ಕವರು ನಾವು. ತೊಲೆ ಮುರಿದು ಅವನು ಬಿದ್ದರೆ, "ಗುತ್ತಿಗೆ ಕೊಟ್ಟಿದ್ದೆವು, ನಮ್ಮದೇನು ತಪ್ಪು?" ಎನ್ನುತ್ತೇವೆ, ಇಲ್ಲವೇ ಅವನ ಹಣೆಬರಹವೆನ್ನುತ್ತೇವೆ.

ಇದು ಶುದ್ಧ ಅನ್ಯಾಯ. ಯಾವ ಜಂತೆಗೆ ಗೆದ್ದಲು ಹತ್ತಿದೆ, ಕಳೆದ ಮಳೆಗಾಲದಲ್ಲಿ ಯಾವ ಮೂಲೆಯ ಸೋರಿಕೆಗೆ ಪಾತ್ರೆಯಿಟ್ಟೆವು ಎಂಬುದು ಮನೆಯವರಿಗೆ ಗೊತ್ತು. ಮೇಲೇರಿದವನಿಗೆ ಕಾಣುವುದು ಮಣ್ಣು ಮಾತ್ರ. ತಿಳಿದವನು ಹೇಳದಿದ್ದರೆ ಹೊಣೆ ಯಾರದು? ಕಾನೂನು ಬಂದು ತಿದ್ದಲಿ ಎಂದು ಕಾಯುವಂತಿಲ್ಲ. ಕಟ್ಟಡ ಕಾರ್ಮಿಕರಿಗಾಗಿಯೇ 1996ರಲ್ಲಿ ಮಾಡಿದ ಕಾಯಿದೆಯು, 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸವನ್ನು ಹೊರಗಿಟ್ಟಿತು. ಮಾಳಿಗೆಯ ಮಣ್ಣಿಗೆ ಅಷ್ಟು ಹಣ ಸುರಿಯುವವರುಂಟೇ?

ಬಡವರು ಖರ್ಚಿಗೆ ಎಲ್ಲಿಗೆ ಹೋಗಬೇಕೆಂದು ಕೆಲವರು ಕೇಳುವರು. ತೊಲೆಗೆ ಕೆಳಗಿನಿಂದ ಆಸರೆಗಂಬ ಕೊಡಲು, ಮೇಲೆ ಹಲಗೆ ಹಾಸಲು, ಏಣಿ ಹಿಡಿಯಲು ಸಿರಿವಂತಿಕೆ ಬೇಡ. ತರಗತಿಯಲ್ಲಿ ನೀತಿಪಾಠ ಹೇಳುವ ಗುರುಗಳೇ, ಈ ಸಲ ಕೂಲಿಯವನನ್ನು ಮೊದಲು ಒಳಮನೆಗೆ ಕರೆದು ತೊಲೆಗಳನ್ನು ತೋರಿಸಿರಿ. ಅವನು ಒಳಗೆ ಬಂದರೆ ಮಡಿ ಕೆಟ್ಟೀತೆಂದು ಅಂಜುವವರು ತಾವೇ ಬುಟ್ಟಿ ಹೊತ್ತು ಮಾಳಿಗೆಯೇರಲಿ.