ಇಂಧನ ಮುಗಿಯಿತು ಎಂದರೆ ಸಾಲದೇ?

ನಮ್ಮ ಭಾನುವಾರದ ಗುಂಪಿನಲ್ಲಿ ಐದು ಜನ. ಒಬ್ಬರು ಭೌತಶಾಸ್ತ್ರದ ಮೇಷ್ಟ್ರು, ಒಬ್ಬಳು ಬ್ಯಾಂಕಿನವಳು, ಇಬ್ಬರು ನಿವೃತ್ತರು, ಉಳಿದವನು ನಾನು. ಮೊದಲು ತಿಂಗಳಿಗೊಂದು ಪುಸ್ತಕ ಓದಿ ಜಗಳವಾಡುವುದಕ್ಕೆ ಸೇರುತ್ತಿದ್ದೆವು. ಈಗ ಎರಡು ವರ್ಷದಿಂದ ಪುಸ್ತಕಗಳು ಮೂಲೆ ಸೇರಿವೆ, ಜಗಳ ಮಾತ್ರ ಉಳಿದಿದೆ. ವಿಷಯವೂ ಒಂದೇ: ಅಮೇಲಿಯಾ ಇಯರ್‌ಹಾರ್ಟ್ ಎಲ್ಲಿ ಹೋದಳು?

ಈ ಚಟ ಹತ್ತಿಸಿದವನು ನಾನೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಜೊತೆ ಬೆಳೆದ ಹುಡುಗನಿಗೆ ಕಾಣೆಯಾದವರ ಕಥೆ ಎಂದರೆ ಹಸಿವು. ಹಾಗಾಗಿ ಈಗ ನಾನು ಬರೆಯಹೊರಟಿರುವುದು ಹೊರಗಿನವನ ಟೀಕೆಯಲ್ಲ. ಒಳಗಿದ್ದು, ತಿಂದು, ಹೊಟ್ಟೆ ಕೆಟ್ಟವನ ತಕರಾರು.

ಮೊದಲು ಗೊತ್ತಿರುವುದನ್ನು ಹೇಳಿಬಿಡುತ್ತೇನೆ. 1937ರ ಜುಲೈ 2ರಂದು ಬೆಳಗ್ಗೆ ಹತ್ತು ಗಂಟೆಗೆ ನ್ಯೂಗಿನಿಯ ಲೇ ಎಂಬ ಊರಿನಿಂದ ಇಯರ್‌ಹಾರ್ಟ್ ಮತ್ತು ಅವಳ ನ್ಯಾವಿಗೇಟರ್ ಫ್ರೆಡ್ ನೂನನ್ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನದಲ್ಲಿ ಹೊರಟರು. ಭೂಮಿಯನ್ನು ಸುತ್ತಿಬರುವ ಯಾತ್ರೆ ಅದು. ಎರಡು ವಾರದ ಹಿಂದಷ್ಟೇ ಕರಾಚಿಗೆ ಬಂದು, ಅಲ್ಲಿಂದ ಕಲ್ಕತ್ತೆಯ ಡಂಡಂಗೆ ಹಾರಿ, ಮುಂದೆ ಬರ್ಮಾದ ಅಕ್ಯಾಬ್‌ನಲ್ಲಿ ನಮ್ಮ ಮುಂಗಾರಿನ ಕೈಗೆ ಸಿಕ್ಕಿ ಒಮ್ಮೆ ಹಿಂತಿರುಗಿಯೂ ಇದ್ದರು. ಲೇಯಿಂದ ಮುಂದಿನ ನಿಲ್ದಾಣ ಹೌಲ್ಯಾಂಡ್ ದ್ವೀಪ. ದೂರ ಸುಮಾರು 4,100 ಕಿಲೋಮೀಟರ್. ದ್ವೀಪದ ಉದ್ದ ಎರಡು ಕಿಲೋಮೀಟರಿನಷ್ಟು, ಅಗಲ ಅದರ ಅರ್ಧವೂ ಇಲ್ಲ, ಎತ್ತರ ನಮ್ಮ ಎರಡಂತಸ್ತಿನ ಮನೆಯಷ್ಟು. ಇಪ್ಪತ್ತು ಗಂಟೆ ನೀರಿನ ಮೇಲೆ ಹಾರಿ ಅಂಥದ್ದನ್ನು ಹುಡುಕಬೇಕು.

ದ್ವೀಪದ ಬಳಿ ಇಟಾಸ್ಕಾ ಎಂಬ ಅಮೆರಿಕದ ಕರಾವಳಿ ರಕ್ಷಣಾ ಹಡಗು ಕಾಯುತ್ತಿತ್ತು. ಬೆಳಗ್ಗೆ 7.42ಕ್ಕೆ ಅವಳ ದನಿ ಕೇಳಿಸಿತು: ನಿಮ್ಮ ತಲೆಯ ಮೇಲೆಯೇ ಇರಬೇಕು ನಾವು, ಆದರೆ ನೀವು ಕಾಣುತ್ತಿಲ್ಲ, ಇಂಧನ ಕಡಿಮೆಯಾಗುತ್ತಿದೆ. 8.43ಕ್ಕೆ ಇನ್ನೊಮ್ಮೆ ಮಾತಾಡಿ, 157-337 ಎಂಬ ರೇಖೆಯ ಮೇಲೆ ಉತ್ತರ ದಕ್ಷಿಣವಾಗಿ ಹಾರುತ್ತಿದ್ದೇವೆ ಎಂದಳು. ಖಚಿತವಾಗಿ ಗೊತ್ತಿರುವ ಅವಳ ದನಿ ಅಷ್ಟೇ. ಯುದ್ಧನೌಕೆ ಕೊಲರಾಡೋ, ವಿಮಾನವಾಹಕ ಲೆಕ್ಸಿಂಗ್ಟನ್ ಎಲ್ಲ ಬಂದು ಹುಡುಕಿದವು. ಏನೂ ಸಿಗದೆ ಜುಲೈ 19ಕ್ಕೆ ಕೈಬಿಟ್ಟರು.

ಇದಾದ ಮೇಲೆ ಶುರುವಾದದ್ದು ನಮ್ಮಂಥವರ ಕೆಲಸ. ಪಂಗಡಗಳು ಮೂರು. ವಿಮಾನ ಹೌಲ್ಯಾಂಡಿನ ಹತ್ತಿರವೇ ಸಮುದ್ರಕ್ಕೆ ಬಿತ್ತು ಎನ್ನುವವರು. ಸುಮಾರು 650 ಕಿಲೋಮೀಟರ್ ಆಚೆಯ ನಿಕುಮರೋರೋ ದ್ವೀಪದ ದಿಬ್ಬದ ಮೇಲೆ ಇಳಿದು, ನೀರಡಿಸಿ ಸತ್ತರು ಎನ್ನುವವರು. ಮಾರ್ಷಲ್ ದ್ವೀಪಗಳಲ್ಲಿ ಇಳಿದು ಜಪಾನೀಯರ ಕೈಗೆ ಸಿಕ್ಕಿ ಸೈಪಾನಿನ ಜೈಲಿನಲ್ಲಿ ಸತ್ತರು ಎನ್ನುವವರು. ನಮ್ಮ ಮೇಷ್ಟ್ರು ಎರಡನೆಯ ಪಂಗಡ. ನಿವೃತ್ತರಿಬ್ಬರೂ ಮೂರನೆಯದು, ಜಪಾನ್, ಗೂಢಚರ್ಯೆ, ಯುದ್ಧ ಎಂದರೆ ಅವರ ಕಾಫಿಗೆ ಸಕ್ಕರೆಯೇ ಬೇಡ. ಬ್ಯಾಂಕಿನವಳು ಪ್ರತಿ ವಾರ ಪಕ್ಷ ಬದಲಿಸುತ್ತಾಳೆ. ನಾನು ಮೊದಲನೆಯವನು, ಅಂದರೆ ಎಲ್ಲರಿಗಿಂತ ನೀರಸ. ‘ನಿಮಗೆ ಕಲ್ಪನೆಯೇ ಇಲ್ಲ ಮಾರಾಯ್ರೇ’ ಎನ್ನುತ್ತಾರೆ.

ನನ್ನ ತಕರಾರು ಅಲ್ಲೇ ಇರುವುದು. ಒಂದು ಸಾವನ್ನು ಸಾವೆಂದು ಒಪ್ಪುವುದಕ್ಕೆ ಕಲ್ಪನೆ ಸಾಲದು ಎಂದು ಬೈಸಿಕೊಳ್ಳಬೇಕೆ?

ಜಪಾನಿನ ಕಥೆಯನ್ನೇ ತೆಗೆದುಕೊಳ್ಳಿ. ಇಂಧನ ಕಡಿಮೆಯಾಗುತ್ತಿದೆ ಎಂದು ಹೌಲ್ಯಾಂಡಿನ ಬಳಿ ಹೇಳಿದ ವಿಮಾನ, ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಾರ್ಷಲ್ ದ್ವೀಪಗಳಿಗೆ ಹೇಗೆ ಹೋಯಿತು? ಇದನ್ನು ಕೇಳಿದರೆ ಉತ್ತರವಾಗಿ ಬರುವುದು ಇನ್ನೊಂದು ಗುಟ್ಟು. ರೇಡಿಯೋ ಸಂದೇಶವೇ ಸುಳ್ಳು, ಸರ್ಕಾರವೇ ಮುಚ್ಚಿಟ್ಟಿತು ಎಂದು. ಅವಳು ಗೂಢಚಾರಿಣಿಯಾಗಿದ್ದಳು ಎಂಬ ಮಾತಿಗೆ ಬಲ ಬಂದದ್ದು 1943ರಲ್ಲಿ, ಅಮೆರಿಕ ಮತ್ತು ಜಪಾನ್ ಯುದ್ಧದಲ್ಲಿದ್ದಾಗ, ‘ಫ್ಲೈಟ್ ಫಾರ್ ಫ್ರೀಡಂ’ ಎಂಬ ಸಿನಿಮಾ ಬಂದ ಮೇಲೆ. ಸಿನಿಮಾದ ಕಥೆ ಜನರ ಬಾಯಿಗೆ ಬಿದ್ದು, ಬಾಯಿಯಿಂದ ನೆನಪಿಗೆ ಇಳಿದು, ಇಪ್ಪತ್ತು ವರ್ಷದ ನಂತರ ‘ಸಾಕ್ಷಿ’ಯಾಗಿ ಎದ್ದುಬಂತು. 2017ರಲ್ಲಿ ಹಿಸ್ಟರಿ ಚಾನೆಲ್ ಒಂದು ಫೋಟೋ ತೋರಿಸಿತು. ಮಾರ್ಷಲ್ ದ್ವೀಪಗಳ ಜಾಲುಯಿಟ್ ಬಂದರಿನ ಕಟ್ಟೆಯ ಮೇಲೆ ಬೆನ್ನು ಹಾಕಿ ಕುಳಿತವಳೇ ಇಯರ್‌ಹಾರ್ಟ್, ನಿಂತವನೇ ನೂನನ್ ಎಂದಿತು. ಕೆಲವೇ ದಿನಗಳಲ್ಲಿ ಕೋತಾ ಯಮಾನೋ ಎಂಬ ಜಪಾನೀ ಬ್ಲಾಗರ್ ತನ್ನ ದೇಶದ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಅದೇ ಫೋಟೋ ಹುಡುಕಿ ತೋರಿಸಿದ. ಅದು ಅಚ್ಚಾಗಿದ್ದ ಪ್ರವಾಸ ಪುಸ್ತಕ 1935ರದು. ಅವಳು ಕಾಣೆಯಾಗುವುದಕ್ಕೆ ಎರಡು ವರ್ಷ ಮೊದಲು. ಹುಡುಕಲು ಆತನಿಗೆ ಹಿಡಿದದ್ದು ಅರ್ಧ ಗಂಟೆ.

ಯಮಾನೋ ಕೂಡ ಹವ್ಯಾಸಿಯೇ ಎಂಬುದನ್ನು ಗಮನಿಸಿ. ಹವ್ಯಾಸಿಗಳು ಬಾಯಿ ಮುಚ್ಚಿಕೊಂಡು ಪರಿಣತರಿಗೆ ಬಿಡಬೇಕು ಎನ್ನುವ ಗೋಷ್ಠಿಯ ಮಾತು ನನ್ನದಲ್ಲ. ನಿಕುಮರೋರೋದಲ್ಲಿ 1940ರಲ್ಲಿ ಬ್ರಿಟಿಷ್ ಅಧಿಕಾರಿ ಗಾಲಗರ್‌ಗೆ ಸಿಕ್ಕ ಮೂಳೆಗಳ ಕಡತವನ್ನು ಧೂಳಿನಿಂದ ಎತ್ತಿದವರೂ ಈ ಹುಚ್ಚಿನವರೇ. ಮರುವರ್ಷ ಫಿಜಿಯಲ್ಲಿ ಡಾಕ್ಟರ್ ಹೂಡ್ಲೆಸ್ ಆ ಮೂಳೆಗಳನ್ನು ಅಳೆದು ಗಂಡಸಿನದು ಎಂದಿದ್ದ. ಮೂಳೆಗಳು ಆಮೇಲೆ ಕಳೆದುಹೋದವು, ಅಳತೆಗಳಷ್ಟೇ ಉಳಿದವು. 2018ರಲ್ಲಿ ರಿಚರ್ಡ್ ಜಾಂಟ್ಜ್ ಎಂಬ ಮಾನವಶಾಸ್ತ್ರಜ್ಞ ಅದೇ ಅಳತೆಗಳನ್ನು ಹೊಸ ಲೆಕ್ಕಕ್ಕೆ ಹಾಕಿ, ಇವು ಇಯರ್‌ಹಾರ್ಟ್‌ಗೆ ಚೆನ್ನಾಗಿ ಹೊಂದುತ್ತವೆ ಎಂದ. ಇದು ಗಟ್ಟಿ ವಾದ, ಮೇಷ್ಟ್ರ ಎದುರು ನಾನು ಇಲ್ಲಿ ತಡವರಿಸುತ್ತೇನೆ. ಆದರೆ ಮೂಳೆಯೇ ಇಲ್ಲದೆ ಮೂಳೆಯ ಗುರುತು ಮುಗಿಯುವುದಿಲ್ಲ. ಟೈಟಾನಿಕ್ ಕಂಡುಹಿಡಿದ ರಾಬರ್ಟ್ ಬಲ್ಲಾರ್ಡ್ 2019ರಲ್ಲಿ ಅದೇ ದ್ವೀಪದ ಸುತ್ತ ಸಮುದ್ರ ಜಾಲಾಡಿದರೂ ವಿಮಾನದ ಒಂದು ಚೂರೂ ಸಿಗಲಿಲ್ಲ. ‘ಇನ್ನೂ ಆಳಕ್ಕೆ ಜಾರಿಹೋಗಿರಬೇಕು’ ಎಂದರು ಮೇಷ್ಟ್ರು. ಸಿಕ್ಕರೆ ಪುರಾವೆ, ಸಿಗದಿದ್ದರೂ ಪುರಾವೆ! ಭೌತಶಾಸ್ತ್ರದ ತರಗತಿಯಲ್ಲಿ ಹುಡುಗನೊಬ್ಬ ಹೀಗೆ ಬರೆದಿದ್ದರೆ ಅವರೇ ಕೆಂಪು ಗೀಟು ಹಾಕುತ್ತಿದ್ದರು.

ಆದ್ದರಿಂದ ಹವ್ಯಾಸಿ, ಪರಿಣತ ಎಂಬ ಭೇದ ಇಲ್ಲಿ ಕೆಲಸಕ್ಕೆ ಬಾರದು. ತನ್ನ ಊಹೆಯನ್ನು ಮುರಿಯಲು ಹೊರಡುವವನು ಒಬ್ಬ, ಸಾಕಲು ಹೊರಡುವವನು ಇನ್ನೊಬ್ಬ. ಎರಡನೆಯವನು ಏನು ಮಾಡಬಲ್ಲ ಎಂಬುದಕ್ಕೆ ಐರೀನ್ ಬೋಲಮ್ ಇದ್ದಾಳೆ.

1965ರಲ್ಲಿ ಲಾಂಗ್ ಐಲ್ಯಾಂಡಿನ ಒಂದು ಕೂಟದಲ್ಲಿ ಜೋ ಜರ್ವೆಯ್ಸ್ ಎಂಬ ವಾಯುಸೇನೆಯ ಮಾಜಿ ಅಧಿಕಾರಿಗೆ ಅರವತ್ತು ದಾಟಿದ ಒಬ್ಬ ಹೆಂಗಸಿನ ಪರಿಚಯವಾಯಿತು. ಒಂದು ಕಾಲಕ್ಕೆ ಆಕೆಯೂ ವಿಮಾನ ಹಾರಿಸಿದ್ದವಳು. ಮುಖ ನೋಡಿದ ಕೂಡಲೇ ಇವಳೇ ಇಯರ್‌ಹಾರ್ಟ್ ಎಂದು ಆತನಿಗೆ ಅನ್ನಿಸಿತು. ಅನ್ನಿಸಲಿ, ಅನ್ನಿಸುವುದಕ್ಕೆ ತೆರಿಗೆಯಿಲ್ಲ. ಆದರೆ 1970ರಲ್ಲಿ ಜೋ ಕ್ಲಾಸ್ ಆ ಊಹೆಯನ್ನು ಪುಸ್ತಕ ಮಾಡಿದ, ದೊಡ್ಡ ಪ್ರಕಾಶಕರೇ ಅಚ್ಚು ಹಾಕಿದರು. ಇಯರ್‌ಹಾರ್ಟ್ ಸತ್ತಿಲ್ಲ, ಹೆಸರು ಬದಲಿಸಿಕೊಂಡು ನ್ಯೂಜೆರ್ಸಿಯಲ್ಲಿ ಬೋಲಮ್ ಎಂಬ ಹೆಸರಲ್ಲಿ ಬದುಕಿದ್ದಾಳೆ ಎಂದು. ಆ ಹೆಂಗಸು ಪತ್ರಕರ್ತರನ್ನು ಕರೆಸಿ ಪುಸ್ತಕ ಕೈಯಲ್ಲಿ ಹಿಡಿದು, ನಾನು ಅವಳಲ್ಲ ಎಂದು ಹೇಳಬೇಕಾಯಿತು. ಹದಿನೈದು ಲಕ್ಷ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದಳು. ಪುಸ್ತಕವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡರು. 1982ರಲ್ಲಿ ಅವಳು ತೀರಿಕೊಂಡಳು, ಆಮೇಲೂ ಅದೇ ವಾದದ ಪುಸ್ತಕಗಳು ಬಂದವು.

ನಮ್ಮ ಗುಂಪಿನಲ್ಲಿ ಈ ಪ್ರಸಂಗ ಬಂದಾಗ ಎಲ್ಲರೂ ನಕ್ಕೆವು. ನಾನೂ ನಕ್ಕೆ. ರಾತ್ರಿ ಮನೆಗೆ ಬಂದ ಮೇಲೆ ನೆನಪಾದದ್ದು ದೊಡ್ಡಮ್ಮ.

ನಮ್ಮ ದೊಡ್ಡಪ್ಪ ಒಂದು ಅಡಿಕೆ ಕೊಯ್ಲಿನ ಕಾಲದಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತೇನೆ ಎಂದು ಹೊರಟವರು ತಿರುಗಿ ಬರಲಿಲ್ಲ. ನಾನಾಗ ಹುಟ್ಟಿರಲಿಲ್ಲ. ನಾನು ಬುದ್ಧಿ ತಿಳಿದು ನೋಡುವಾಗ ಊರಿನ ಪ್ರತಿ ಜಗಲಿಯಲ್ಲೂ ಒಂದೊಂದು ಸಿದ್ಧಾಂತ ಇತ್ತು. ಮುಂಬಯಿಯ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದಾರೆ. ಪಂಢರಪುರದಲ್ಲಿ ಕಾವಿ ಉಟ್ಟಿದ್ದಾರೆ. ಇಲ್ಲ, ಪುಣೆಯಲ್ಲಿ ಇನ್ನೊಂದು ಸಂಸಾರ ಇದೆ. ಇಲ್ಲ, ತುಂಗೆಯಲ್ಲಿ ಕಾಲು ಜಾರಿತು. ಹೀಗೆ ಸುದ್ದಿ ತಂದವರಿಗೆಲ್ಲ ದೊಡ್ಡಮ್ಮ ಊಟ ಬಡಿಸುತ್ತಿದ್ದಳು. ಪುಣೆಯ ಸಂಸಾರದ ಸುದ್ದಿ ತಂದವನಿಗೂ ಬಡಿಸಿದಳು. ಬಂದವರೆಲ್ಲ ಉಂಡು, ಕೈತೊಳೆದು, ವಾದ ಮುಂದುವರಿಸುತ್ತಿದ್ದರು.

ಅವಳ ಕಷ್ಟ ಬೇರೆಯಿತ್ತು. ಕುಂಕುಮ ಇಡಬೇಕೋ ಬೇಡವೋ, ಗೌರಿಹಬ್ಬಕ್ಕೆ ಬಾಗಿನ ಕೊಡಬಹುದೋ ಇಲ್ಲವೋ, ತೋಟ ಯಾರ ಹೆಸರಿಗೆ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತರೆಂದು ಭಾವಿಸಬಹುದು ಎಂದು ನಮ್ಮ ಸಾಕ್ಷ್ಯ ಕಾನೂನು ಹೇಳುತ್ತದೆ. ಆದರೆ ಮೂರು ವರ್ಷಕ್ಕೊಮ್ಮೆ ಯಾರಾದರೊಬ್ಬ ‘ನೋಡಿದೆ’ ಎನ್ನುತ್ತಿದ್ದರೆ ಕೋರ್ಟಿಗೆ ಹೋಗಿ ಸುದ್ದಿಯಿಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಇಯರ್‌ಹಾರ್ಟ್ ಗಂಡ ಜಾರ್ಜ್ ಪುಟ್ನಮ್‌ಗೆ ಆ ತೊಂದರೆ ಆಗಲಿಲ್ಲ. 1939ರ ಜನವರಿಯಲ್ಲೇ, ಎರಡು ವರ್ಷ ತುಂಬುವ ಮೊದಲು, ಅವಳು ಸತ್ತಿದ್ದಾಳೆಂದು ಕೋರ್ಟು ಘೋಷಿಸಿತು. ಅದೇ ವರ್ಷ ಆತ ಮರುಮದುವೆಯಾದ. ಕೆಲವರು ಇದನ್ನೂ ಸಂಶಯದ ಪಟ್ಟಿಗೆ ಸೇರಿಸಿದ್ದಾರೆ, ಬಿಡಿ.

ಪದವಿ ಓದುವಾಗ ಒಮ್ಮೆ ರಜೆಗೆ ಹೋದವನು ನಾನೂ ದೊಡ್ಡಮ್ಮನ ಮುಂದೆ ಕೂತು ಆ ವರ್ಷದ ಬಸ್ಸಿನ ವೇಳೆ, ಹೊಳೆಯ ನೀರಿನ ಮಟ್ಟ, ಜೇಬಿನಲ್ಲಿದ್ದ ದುಡ್ಡು ಎಲ್ಲ ಕೇಳಿ ಬರೆದುಕೊಂಡೆ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಕೊನೆಗೆ, ‘ಪುಟ್ಟಾ, ಅವ್ರಿಗೆ ಬೆಲ್ಲದ ಕಾಫಿ ಆಗ್ತಿರ್ಲಿಲ್ಲ, ಅದನ್ಯಾಕೆ ಯಾರೂ ಕೇಳಲ್ಲ?’ ಎಂದಳು. ನಾನು ಅದನ್ನು ಬರೆದುಕೊಳ್ಳಲಿಲ್ಲ. ಪ್ರಕರಣಕ್ಕೆ ಸಂಬಂಧವಿಲ್ಲ ಅನ್ನಿಸಿತ್ತು.

ಇಯರ್‌ಹಾರ್ಟ್ ವಿಷಯದಲ್ಲಿ ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ನಾವು ಪಕ್ಕಕ್ಕಿಟ್ಟದ್ದು ಏನು ಗೊತ್ತೇ? ರೇಡಿಯೋ. ಮಾರ್ಚಿನಲ್ಲಿ ನಡೆದ ಮೊದಲ ಪ್ರಯತ್ನದಲ್ಲಿ ಹ್ಯಾರಿ ಮ್ಯಾನಿಂಗ್ ಎಂಬ ನುರಿತ ರೇಡಿಯೋ ಬಲ್ಲವನು ಜೊತೆಗಿದ್ದ. ಹೊನೊಲುಲುವಿನಲ್ಲಿ ವಿಮಾನ ನೆಲದಲ್ಲೇ ಗಿರಕಿ ಹೊಡೆದು ಮುರಿದ ಮೇಲೆ ಆತ ಹೊರಬಿದ್ದ. ಉಳಿದ ಇಬ್ಬರಿಗೂ ಮೋರ್ಸ್ ಸಂಕೇತ ಚೆನ್ನಾಗಿ ಬರುತ್ತಿರಲಿಲ್ಲ. ಹಡಗುಗಳ ಜೊತೆ 500 ಕಿಲೋಹರ್ಟ್ಸ್‌ನಲ್ಲಿ ಮಾತಾಡಲು ಬೇಕಾದ ಉದ್ದ ತಂತಿಯನ್ನು ಬಿಟ್ಟುಬಂದಿದ್ದರು. ಅವಳು 7500 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸಿ ಎಂದು ಕೇಳಿದಳು, ಹಡಗಿನವರು ಕಳಿಸಿದರು, ಅವಳಿಗೆ ಕೇಳಿಸಿತು. ಆದರೆ ಅವಳ ಬಳಿಯಿದ್ದ ದಿಕ್ಕು ಹುಡುಕುವ ಯಂತ್ರಕ್ಕೆ ಅಷ್ಟು ಮೇಲಿನ ತರಂಗದಲ್ಲಿ ದಿಕ್ಕು ಸಿಗಲಿಲ್ಲ. ಅವಳು ಹಡಗಿನವರಿಗೆ ಕೇಳಿಸುತ್ತಿದ್ದಳು, ಹಡಗಿನವರ ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ. ಇಲ್ಲಿ ಖಳನಾಯಕ ಇಲ್ಲ, ಗುಟ್ಟೂ ಇಲ್ಲ. ತಯಾರಿಯಲ್ಲಿ ಬಿಟ್ಟುಹೋದ ಸಣ್ಣಪುಟ್ಟ ಕೆಲಸಗಳು, ಅವುಗಳ ಮೇಲೆ ಇಪ್ಪತ್ತು ಗಂಟೆಯ ದಣಿವು.

ನಮಗೆ ಇದು ಸಾಲುವುದಿಲ್ಲ. ಅಷ್ಟು ದೊಡ್ಡ ಹೆಸರಿನ ಹೆಂಗಸು ಯಂತ್ರ ಅರ್ಥವಾಗದೆ ಸತ್ತಳು ಎಂದರೆ ಅವಮಾನ, ಸೈಪಾನಿನ ಜೈಲಿನಲ್ಲಿ ಸತ್ತಳು ಎಂದರೆ ಗೌರವ. ಹೀಗೆ ಅವಳ ಮರ್ಯಾದೆ ಕಾಯುತ್ತಿದ್ದೇವೆ ಎಂದುಕೊಂಡು ಅವಳ ಕಸುಬನ್ನೇ ಅವಳಿಂದ ಕಿತ್ತುಕೊಳ್ಳುತ್ತೇವೆ. ಪೈಲಟ್ ತಪ್ಪು ಮಾಡಬಹುದು, ತಪ್ಪಿನಿಂದ ಸಾಯಬಹುದು. ಹಾಗೆ ಸತ್ತ ಗಂಡು ಪೈಲಟ್‌ಗಳ ಲೆಕ್ಕ ಯಾರೂ ಇಡುವುದಿಲ್ಲ.

ತಪ್ಪು ಬೇಕೇಬೇಕು ಎಂದಾಗ ಅದು ನೂನನ್ ತಲೆಗೆ ಹೋಗುತ್ತದೆ. ಕುಡುಕನಾಗಿದ್ದ ಎನ್ನುತ್ತಾರೆ. ಪ್ಯಾನ್ ಅಮೆರಿಕನ್ ಕಂಪನಿಗೆ ಪೆಸಿಫಿಕ್ ದಾಟುವ ಮಾರ್ಗಗಳನ್ನು ಹಾಕಿಕೊಟ್ಟ ನ್ಯಾವಿಗೇಟರ್ ಆತ. ಲೇಯಿಂದ ಹೌಲ್ಯಾಂಡಿನ ಹತ್ತಿರದವರೆಗೆ ನಕ್ಷತ್ರ ನೋಡಿ ತಂದು ಮುಟ್ಟಿಸಿದ್ದೂ ಆತನೇ. ಹಡಗಿಗೆ ಅವಳ ದನಿ ಕೊನೆಕೊನೆಗೆ ಅಷ್ಟು ಜೋರಾಗಿ ಕೇಳಿಸಿದ್ದು ಸುಮ್ಮನೆ ಅಲ್ಲ. ಆ ಮಾರ್ಚಿನಲ್ಲಷ್ಟೇ ಆತನ ಮದುವೆಯಾಗಿತ್ತು. ನಮ್ಮ ಎರಡು ವರ್ಷದ ಭಾನುವಾರಗಳಲ್ಲಿ ಆ ಹೆಂಡತಿಯ ಬಗ್ಗೆ ಒಬ್ಬರೂ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ.

2024ರ ಜನವರಿಯಲ್ಲಿ ಡೀಪ್ ಸೀ ವಿಷನ್ ಎಂಬ ಕಂಪನಿ ಸಮುದ್ರದ ತಳದಲ್ಲಿ, ಸುಮಾರು ಐದು ಸಾವಿರ ಮೀಟರ್ ಆಳದಲ್ಲಿ, ವಿಮಾನದಾಕಾರದ ನೆರಳೊಂದನ್ನು ಸೋನಾರ್‌ನಲ್ಲಿ ಹಿಡಿದ ಚಿತ್ರ ಹೊರಬಿಟ್ಟಿತು. ಹೌಲ್ಯಾಂಡಿನ ಕಡೆಯದೇ ಜಾಗ. ನನ್ನ ಪಕ್ಷ ಗೆದ್ದಿತೆಂದು ನಾನು ಅಂದು ಎಲ್ಲರಿಗೂ ಮಸಾಲೆದೋಸೆ ಕೊಡಿಸಿದೆ. ನವೆಂಬರಿನಲ್ಲಿ ಕಂಪನಿಯವರೇ ಮತ್ತೆ ಹೋಗಿ ಹತ್ತಿರದಿಂದ ನೋಡಿ, ಅದು ಬಂಡೆ ಎಂದು ಒಪ್ಪಿಕೊಂಡರು. ನಾನು ಆ ಭಾನುವಾರ ಜ್ವರ ಎಂದು ಹೇಳಿ ಹೋಗಲಿಲ್ಲ. ಜ್ವರ ಇರಲಿಲ್ಲ. ಮೇಷ್ಟ್ರು ಫೋನ್ ಮಾಡಿ, ‘ಏನ್ರೀ, ಇನ್ನೂ ಆಳಕ್ಕೆ ಜಾರಿರಬೇಕು ಅಲ್ವಾ?’ ಎಂದು ಕೇಳಿದರು.

ಬರುವ ಭಾನುವಾರ ನಾನು ಹೋಗುತ್ತೇನೆ. ದೋಸೆಯ ದುಡ್ಡು ವಾಪಸ್ ಕೇಳುವುದಿಲ್ಲ. ಐವರೂ ಒಂದೊಂದು ಚೀಟಿಯಲ್ಲಿ, ಏನು ಸಿಕ್ಕರೆ ನನ್ನ ವಾದ ತಪ್ಪು ಎಂದು ಒಪ್ಪುತ್ತೇನೆ ಎಂಬುದನ್ನು ಬರೆದು ಸಕ್ಕರೆ ಡಬ್ಬಿಯ ಕೆಳಗೆ ಇಡಬೇಕು, ಆಮೇಲೆ ಮಾತು. ನನ್ನ ಚೀಟಿಯನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ, ಇನ್ನೂ ಮುಗಿದಿಲ್ಲ.