ಬಿಟ್ಟಿ ಅಂದರೆ ಪುಕ್ಕಟೆ ಅಲ್ಲ



ಮೊನ್ನೆ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ನಮ್ಮ ತರಗತಿಯ ಹುಡುಗನೊಬ್ಬ ತಟ್ಟೆ ಹಿಡಿದು ಮೊದಲು ಓಡಿದ. ಹಿಂದಿದ್ದವನೊಬ್ಬ, "ಬಿಟ್ಟಿ ಊಟಕ್ಕೆ ಹೆಂಗ್ ಓಡ್ತಾನೆ ನೋಡ್ರಲೇ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಓಡಿದವನು ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಸಂಜೆ ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ನಗಲಿಲ್ಲ. "ಬಿಟ್ಟಿ ಅಂದ್ರೆ ಏನಂತ ಗೊತ್ತೈತೇನ ನಿನಗೆ?" ಅಂತ ಕೇಳಿದಳು. ಪುಕ್ಕಟೆ ಅಂದೆ. "ಅಲ್ಲ. ನಮ್ಮಪ್ಪನ್ನ ಬಿಟ್ಟಿ ಹಿಡೀತಿದ್ರು" ಅಂದಳು.

ಅಜ್ಜಿಯ ತವರೂರಲ್ಲಿ ಸಾಹೇಬರು ಬಂದರೆ ಅವರ ಸಾಮಾನು ಹೊರಲು, ಕಟ್ಟಿಗೆ ಒಡೆಯಲು, ದೊಡ್ಡ ಮನೆಯವರ ಕಣದಲ್ಲಿ ದುಡಿಯಲು ಆಳು ಬೇಕಾಗುತ್ತಿತ್ತಂತೆ. ಆಗ ಬಾಗಿಲಿಗೆ ಬಂದು "ನಾಳೆ ಬಿಟ್ಟಿಗೆ ಬಾ" ಅಂತ ಕರೆಯುತ್ತಿದ್ದರು. ಎಲ್ಲರ ಬಾಗಿಲಿಗೂ ಅಲ್ಲ, ಕೆಲವು ಓಣಿಗಳಿಗೆ ಮಾತ್ರ. ಕೂಲಿ ಇಲ್ಲ. ಒಲ್ಲೆ ಅನ್ನುವ ಹಾಗೂ ಇಲ್ಲ. ಒಂದು ವರ್ಷ ಮಳೆ ಬಂದು ಹೊಲ ಹದ ಆಗಿತ್ತು. ಅಜ್ಜಿಯ ಅಪ್ಪ ಎತ್ತು ಹೂಡುವ ಹೊತ್ತಿಗೆ ಕರೆ ಬಂತು. ಮೂರು ದಿನ ಹೋದ. ತಿರುಗಿ ಬರುವುದರೊಳಗೆ ಹದ ಆರಿಹೋಗಿತ್ತು. ನಮ್ಮ ಕಡೆ ಹದ ಆರಿದರೆ ಏನಾಗುತ್ತದೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮರುದಿನ ನಮ್ಮ ಕನ್ನಡ ಮೇಷ್ಟ್ರನ್ನು ಕೇಳಿದೆ. ಸಂಸ್ಕೃತದ 'ವಿಷ್ಟಿ' ಎಂಬ ಪದವೇ ಕನ್ನಡದಲ್ಲಿ 'ಬಿಟ್ಟಿ' ಆಯಿತು, ಅದರ ಅರ್ಥ ಕೂಲಿ ಕೊಡದೆ ಬಲವಂತದಿಂದ ಮಾಡಿಸುವ ದುಡಿಮೆ ಎಂದರು. ಗುಜರಾತಿನ ಜುನಾಗಡದಲ್ಲಿ ಸುಮಾರು ಕ್ರಿ.ಶ. 150ರ ಒಂದು ಬಂಡೆ ಶಾಸನ ಇದೆ. ಅದರಲ್ಲಿ ರುದ್ರದಾಮನೆಂಬ ರಾಜ, ಪ್ರಜೆಗಳ ಮೇಲೆ ವಿಷ್ಟಿ ಹೇರದೆ ಕೆರೆಯ ಏರಿ ಕಟ್ಟಿಸಿದೆ ಎಂದು ಹೆಮ್ಮೆಯಿಂದ ಬರೆಸಿದ್ದಾನೆ. ಹಾಗಾದರೆ ಉಳಿದ ರಾಜರು ಏನು ಮಾಡುತ್ತಿದ್ದರು ಅಂತ ಊಹಿಸಬಹುದು! ಉತ್ತರದ ಕುಮಾವೂಂ ಬೆಟ್ಟದ ಸೀಮೆಯಲ್ಲಿ ಬ್ರಿಟಿಷರ ಸಾಮಾನು ಹೊರುವ ಬಿಟ್ಟಿ ಆಳುಗಳ ಹೆಸರು ಬರೆದ ಪುಸ್ತಕಗಳೇ ಇದ್ದವು. 1921ರ ಸಂಕ್ರಾಂತಿಗೆ ಬಾಗೇಶ್ವರದಲ್ಲಿ ಸೇರಿದ ಜನ ಆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ನಾವು ಎಳ್ಳು ಬೆಲ್ಲ ತಿನ್ನುವ ದಿನ ಅದು.

ಈಗ ನೋಡಿ, ದುಡಿದು ಕೂಲಿ ಪಡೆಯದವರ ಪದ ಇದು. ನಾವು ಇದನ್ನು ದುಡಿಯದೆ ತಿನ್ನುವವರಿಗೆ ಅಂಟಿಸಿಬಿಟ್ಟಿದ್ದೇವೆ. ಪೂರ್ತಿ ತಿರುಗಾಮುರುಗಾ. ನಮ್ಮ ಬಿಸಿಯೂಟ 2002ರಲ್ಲಿ ಬಳ್ಳಾರಿ ಮತ್ತು ಸುತ್ತಿನ ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು. ಅದಕ್ಕೆ ಅಕ್ಷರ ದಾಸೋಹ ಎಂದು ಹೆಸರು. ಸೋಪು ಕೊಂಡರೂ ನಮ್ಮ ಅವ್ವ ಅಪ್ಪ ತೆರಿಗೆ ಕಟ್ಟುತ್ತಾರೆ. ಆ ದುಡ್ಡಿನ ಅನ್ನ ಬಿಟ್ಟಿ ಹೇಗಾಗುತ್ತದೆ?

ಹಾಗಂತ ಕೂಲಿ ಇಲ್ಲದ ಕೆಲಸ ಎಲ್ಲಾ ಬಿಟ್ಟಿ ಅಂತಲೂ ನಾನು ಹೇಳುವುದಿಲ್ಲ. ನಮ್ಮೂರ ಜಾತ್ರೆಯಲ್ಲಿ ಮರುಳಸಿದ್ಧೇಶ್ವರನ ಶಿಖರಕ್ಕೆ ಎಣ್ಣೆ ಎರೆಯುವ ದಿನ ಎಷ್ಟು ಜನ ಬಂದು ದುಡಿಯುತ್ತಾರೆ, ಯಾರೂ ಕೂಲಿ ಕೇಳುವುದಿಲ್ಲ. ಬರದಿದ್ದರೆ ಯಾರೂ ಹಿಡಿದು ತರುವುದೂ ಇಲ್ಲ. ಅದು ಸೇವೆ. ಒಲ್ಲೆ ಅನ್ನಲು ಬಾರದೆ ಇದ್ದರೆ ಅದು ಬಿಟ್ಟಿ.

ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಸಾರ್ವಜನಿಕ ಕೆಲಸಕ್ಕೆ ಸರ್ಕಾರ ಕಡ್ಡಾಯ ಸೇವೆ ಹಾಕಬಹುದು, ಆದರೆ ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ಆರಿಸಬಾರದು ಎಂದೂ ಅಲ್ಲೇ ಇದೆ. ಇದನ್ನು ಓದಿದಾಗ ನನಗೆ ನಮ್ಮ ತರಗತಿಯ ಕಸ ಗುಡಿಸುವ ಸರದಿ ನೆನಪಾಯಿತು. ಮಾನಿಟರ್ ಆರಿಸುವುದು ಯಾವಾಗಲೂ ಅದೇ ನಾಲ್ಕೈದು ಜನರನ್ನು, ಅದರಲ್ಲೂ ಹುಡುಗಿಯರನ್ನು. ನಾವು ಅದಕ್ಕೆ ಶ್ರಮದಾನ ಅನ್ನುತ್ತೇವೆ. ದಾನ ಕೊಡುವವರನ್ನು ಯಾರಾದರೂ ಒಂದು ಮಾತು ಕೇಳಿದ್ದೀರಾ?

ಸೋಮವಾರ ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕೋಣ. ಮಾನಿಟರ್ ಹೆಸರೂ ಇರಲಿ. ಡಬ್ಬಿ ನಾನು ತರುತ್ತೇನೆ.

— 7ನೇ ತರಗತಿಯ ವಿದ್ಯಾರ್ಥಿನಿ