ಮರ ಹತ್ತುವುದನ್ನು ಮರೆತ ವೈರಸ್

ಮಕ್ಕಳೇ, ಸಿದ್ದಾಪುರದ ಕಡೆ ದನಕ್ಕೆ ಲಸಿಕೆ ಹಾಕುವವರು ಹಟ್ಟಿಗೆ ಬಂದರೆ ಅಜ್ಜಿಯಂದಿರು ಮೊದಲು ಕೇಳುವುದು, "ಸೂಜಿ ಒಳ್ಗೆ ಎಂತ ಇತ್ತ್?" ಎಂದು. ಒಳ್ಳೆಯ ಪ್ರಶ್ನೆ. ಉತ್ತರ ಕೇಳಿ ಬೆಚ್ಚಬೇಡಿ: ಚರ್ಮಗಂಟು ರೋಗದ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್ಸೇ! ಆದರೆ ಅದು ಬಲ ಕುಂದಿದ ವೈರಸ್.

ಈ ರೋಗ ನಮ್ಮ ದೇಶಕ್ಕೆ ಹೊಸದು. 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡಿತು. 2022ರಲ್ಲಿ ಕರ್ನಾಟಕದ ಹಟ್ಟಿಗಳಲ್ಲೂ ದನಗಳ ಮೈತುಂಬ ಗಂಟು, ಜ್ವರ; ಹಾಲು ಇಳಿಯಿತು, ಎಷ್ಟೋ ದನಕರುಗಳು ಸತ್ತವು. ಆಗ ಕೊಟ್ಟದ್ದು ಆಡಿನ ಸಿಡುಬಿನ ಲಸಿಕೆ. ಎರಡೂ ವೈರಸ್ ದಾಯಾದಿಗಳು. ಮುಖದ ಹೋಲಿಕೆ ಇದೆ. ಆದರೂ ಈ ರೋಗದ್ದೇ ಲಸಿಕೆ ಬೇಕಿತ್ತು.

ವೈರಸ್ಸಿನ ಬಲ ಕುಂದಿಸುವುದು ಹೇಗೆ? ಅಡಿಕೆ ಮರವನ್ನು ಸರಸರನೆ ಹತ್ತುವ ಊರಿನ ಹುಡುಗನೊಬ್ಬ ಮುಂಬೈಗೆ ಹೋಗಿ ಹೋಟೆಲ್ ಕೆಲಸಕ್ಕೆ ಸೇರಿದ ಎನ್ನಿ. ಅಲ್ಲಿ ಮರವೇ ಇಲ್ಲ. ವರ್ಷಗಳು ಕಳೆದ ಮೇಲೆ ಊರಿಗೆ ಬಂದರೆ ಮುಖ ಅದೇ, ಎಲ್ಲರೂ ಗುರುತಿಸುತ್ತಾರೆ. ಮರ ಹತ್ತಲು ಮಾತ್ರ ಆಗದು! ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. 2019ರಲ್ಲಿ ರಾಂಚಿಯ ದನದಿಂದ ಸಿಕ್ಕ ವೈರಸ್ಸನ್ನು ಪ್ರಯೋಗಾಲಯದಲ್ಲಿ ಮಂಗನ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿದರು. ಒಂದು ಬಾರಿಯಲ್ಲ, 50 ಬಾರಿ. ದನದ ಮೈಯಲ್ಲಿ ರೋಗ ತರುವ ವಿದ್ಯೆ ಅಲ್ಲಿ ಬೇಕಿರಲಿಲ್ಲ. ವೈರಸ್ ಅದನ್ನು ಮರೆಯಿತು. ಮುಖ ಮಾತ್ರ ಉಳಿಯಿತು. ಆ ಮುಖ ನೋಡಿಟ್ಟುಕೊಂಡ ದನದ ಮೈ, ನಿಜವಾದ ರೋಗ ಬಂದಾಗ ಹೋರಾಡುತ್ತದೆ.

ಮರೆತದ್ದು ನಿಜವೇ, ತಿಳಿಯುವುದು ಹೇಗೆ? ಅದಕ್ಕೆ ವೈರಸ್ಸಿನ 'ಪುಸ್ತಕ' ಓದಬೇಕು. ಪ್ರತಿ ಜೀವಿಯ ಗುಣಗಳೂ ನಾಲ್ಕೇ ನಾಲ್ಕು ಅಕ್ಷರಗಳಲ್ಲಿ ಬರೆದಿವೆ. ಆ ಇಡೀ ಬರಹಕ್ಕೆ ಜೀನೋಮ್ ಎನ್ನುತ್ತಾರೆ. ಚರ್ಮಗಂಟು ವೈರಸ್ಸಿನದು ಸುಮಾರು ಒಂದೂವರೆ ಲಕ್ಷ ಅಕ್ಷರ. ಮೊದಲ ಪ್ರತಿಯನ್ನೂ ಐವತ್ತನೆಯದನ್ನೂ ಪಕ್ಕಪಕ್ಕ ಇಟ್ಟು ಓದಿದಾಗ, ಪುಸ್ತಕದ ತುದಿಯಲ್ಲಿ ಸುಮಾರು 800 ಅಕ್ಷರಗಳು ಒಟ್ಟಿಗೇ ಮಾಯವಾಗಿದ್ದವು! ಒಂದೆರಡು ಅಕ್ಷರ ತಪ್ಪಿದ್ದರೆ ಮತ್ತೆ ಸರಿಹೋಗಬಹುದು. ಹರಿದುಹೋದ ಹಾಳೆ ಅಷ್ಟು ಸುಲಭಕ್ಕೆ ಮರಳದು. ದನಗಳ ಮೇಲೂ ಪರೀಕ್ಷಿಸಿದ ಈ ಲಸಿಕೆ 2022ರ ಆಗಸ್ಟ್ 10ರಂದು ಬಿಡುಗಡೆಯಾಯಿತು. ಅದೇ ರಾಂಚಿಯ ವೈರಸ್ಸಿನಿಂದ ನಮ್ಮ ಕೋಲಾರ ಜಿಲ್ಲೆಯ ಮಾಲೂರಿನ ಬಯೋವೆಟ್ ತಯಾರಿಸಿದ ಲಸಿಕೆಗೆ 2025ರ ಫೆಬ್ರವರಿಯಲ್ಲಿ ಪರವಾನಗಿ ಸಿಕ್ಕಿತು.

ಓದದೆ ಬಿಟ್ಟರೆ ಏನಾಗುತ್ತದೆ? 2017ರಲ್ಲಿ ರಷ್ಯಾದಲ್ಲಿ ಸಿಕ್ಕ ಚರ್ಮಗಂಟು ವೈರಸ್ಸಿನ ಜೀನೋಮ್ ವಿಚಿತ್ರವಾಗಿತ್ತು: ಕೆಲವು ಪುಟ ಲಸಿಕೆಯ ವೈರಸ್ಸಿನದು, ಕೆಲವು ರೋಗದ ವೈರಸ್ಸಿನದು. ನೆರೆಯ ಕಝಾಕಿಸ್ತಾನದಲ್ಲಿ ಬಳಸಿದ್ದ ಒಂದು ಲಸಿಕೆಯನ್ನು ಓದಿದರೆ, ಒಂದೇ ವೈರಸ್ ಇರಬೇಕಾದಲ್ಲಿ ಹಲವು ಬೆರೆತಿದ್ದವು! ಇಂಥ ಬೆರಕೆ ವೈರಸ್‌ಗಳು ಮುಂದೆ ಚೀನಾ, ವಿಯೆಟ್ನಾಂವರೆಗೂ ಹಬ್ಬಿದವು. ಆದ್ದರಿಂದ ಲಸಿಕೆಯ ವೈರಸ್ಸನ್ನೂ ಓದಬೇಕು, ಊರಲ್ಲಿ ತಿರುಗುವ ವೈರಸ್ಸನ್ನೂ ಓದುತ್ತಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳಿಂದ 22 ಮಾದರಿ ತಂದು ಓದಿದ್ದು ಇದಕ್ಕೇ.

ಅಜ್ಜ ಅಜ್ಜಿಯರಿಗೆ 'ದೊಡ್ಡರೋಗ' ನೆನಪಿರಬಹುದು. ಹಟ್ಟಿಗೆ ಹಟ್ಟಿಯೇ ಖಾಲಿಯಾಗುತ್ತಿದ್ದ ಕಾಲ. 1920ರ ದಶಕದಲ್ಲೇ ಹಿಮಾಲಯದ ಮುಕ್ತೇಶ್ವರದಲ್ಲಿ ಅದರ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸಿ ಬಲ ಕುಂದಿಸಿದ್ದರು. ಅದು ಏನನ್ನು ಮರೆಯಿತೆಂದು ಓದುವ ವಿದ್ಯೆ ಆಗ ಇರಲಿಲ್ಲ. ದನಕ್ಕೆ ಚುಚ್ಚಿ ಕಾದು ನೋಡಬೇಕಿತ್ತು. ಮುಂದೆ ಇನ್ನೂ ಒಳ್ಳೆಯ ಲಸಿಕೆಗಳು ಬಂದು, 2011ರಲ್ಲಿ ಇಡೀ ಜಗತ್ತೇ ಆ ರೋಗದಿಂದ ಮುಕ್ತವಾಯಿತು.

ಚರ್ಮಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ. ಅದನ್ನು ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣಿ. ಹಟ್ಟಿಯನ್ನು ಒಣಗಿರಿಸಿ, ಗಂಟು ಕಂಡ ದನವನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತಿಳಿಸಿ. ರೋಗ ಬರುವ ಮೊದಲೇ ಲಸಿಕೆ ಹಾಕಿಸಿ.

ಈ ವಾರದ ಕೆಲಸ: ದೊಡ್ಡರೋಗದ ಕಾಲದಲ್ಲಿ ನಿಮ್ಮ ಹಟ್ಟಿಯಲ್ಲಿ ಏನಾಯಿತೆಂದು ಹಿರಿಯರನ್ನು ಕೇಳಿ ಬರೆದಿಡಿ. ಸೂಜಿಯೊಳಗೆ ಎಂತ ಇತ್ತ್ ಎಂದು ಅವರಿಗೆ ನೀವು ಹೇಳಿ.